ಸುಣ್ಣ, ಬೂದಿ, ಎಳೆ ಬಿದಿರು: 1637ರಲ್ಲಿ ಬರೆದ ಕಾಗದದ ಪಾಠವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಚೀನಾದ ಸೊಂಗ್ ಯಿಂಗ್‌ಶಿಂಗ್ ಎನ್ನುವವನು ಸುಮಾರು ನಾನೂರು ವರ್ಷದ ಹಿಂದೆಯೇ ಬಿದಿರಿನಿಂದ ಕಾಗದ ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ ಎಂದು ಓದಿದೆ. ಅವನು ಕಾಗದ ಮಾಡುವ ಕಸುಬಿನವನೇ? ಬರೆದದ್ದನ್ನು ನಂಬಬಹುದಾ? ನಮ್ಮ ಕಡೆ ಬಿದಿರಿಗೇನೂ ಕೊರತೆ ಇಲ್ಲ. ಅವನು ಹೇಳಿದ ಹಾಗೆಯೇ ಮಕ್ಕಳ ಜೊತೆ ಮಾಡಿ ನೋಡಬಹುದಾ?

ಉತ್ತರ: ಕಸುಬಿನವನಲ್ಲ. ಪುಸ್ತಕ ಓದಿ, ಪರೀಕ್ಷೆ ಬರೆದು, ಕೊನೆಯ ಮೆಟ್ಟಿಲಲ್ಲಿ ಮತ್ತೆ ಮತ್ತೆ ಸೋತವನು. ಆದರೂ ಬಿದಿರು ಕಾಗದದ ಬಗ್ಗೆ ಹಳೆಯ ಕಾಲದಲ್ಲಿ ಬರೆದವರ ಪೈಕಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಇವನ ಬರಹವನ್ನೇ. ನನ್ನ ಕೆಲಸ ತಿರುಳಿನ, ಅಂದರೆ ಕಾಗದಕ್ಕೆ ಬೇಕಾದ ನಾರಿನ ಮುದ್ದೆಯ, ಪ್ರಯೋಗಾಲಯದ್ದು. ಬಿದಿರ ಚಕ್ಕೆ ಬೇಯಿಸುವುದು, ತೊಳೆಯುವುದು, ನಾರು ಎಷ್ಟು ಬಂತು, ಅದನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಷ್ಟು ಉಳಿಯಿತು ಎಂದು ಅಳೆಯುವುದು. ಆ ಅಭ್ಯಾಸದಲ್ಲಿ ಓದಿದರೆ ಇವನು ಎಲ್ಲಿ ಪಕ್ಕದಲ್ಲೇ ನಿಂತು ನೋಡಿ ಬರೆದಿದ್ದಾನೆ, ಎಲ್ಲಿ ಕೂತಲ್ಲೇ ಯೋಚಿಸಿ ಬರೆದಿದ್ದಾನೆ ಅನ್ನುವುದು ಗೊತ್ತಾಗಿಬಿಡುತ್ತದೆ. ನೋಡಿ ಬರೆದದ್ದು ಇವತ್ತಿಗೂ ಗಟ್ಟಿ. ಅದಕ್ಕೆ ಕೊಟ್ಟ ಕಾರಣಗಳು ಹಲವು ಕಡೆ ನಿಲ್ಲುವುದಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ. ಮಾಡಿ ನೋಡುವ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿ ಸ್ವಲ್ಪ ಎಚ್ಚರ ಹೇಳಬೇಕಾಗಿದೆ.

ಸೊಂಗ್ ಹುಟ್ಟಿದ್ದು 1587ರಲ್ಲಿ, ದಕ್ಷಿಣ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಫೆಂಗ್‌ಶಿನ್ ಎಂಬಲ್ಲಿ. ಮಿಂಗ್ ಅರಸರ ಕೊನೆಗಾಲ ಅದು. 1615ರಲ್ಲಿ ಅಣ್ಣನ ಜೊತೆ ಕೂತು ಪ್ರಾಂತ್ಯದ ಪರೀಕ್ಷೆ ಬರೆದ. ಮೂರನೇ ಸ್ಥಾನ ಬಂತು. ದೊಡ್ಡ ಹುದ್ದೆ ಬೇಕಾದರೆ ಬೀಜಿಂಗ್‌ಗೆ ಹೋಗಿ ಇನ್ನೊಂದು ಪರೀಕ್ಷೆ ಗೆಲ್ಲಬೇಕು. ಅದು ಕೊನೆಗೂ ದಕ್ಕಲಿಲ್ಲ. ದಕ್ಷಿಣದಿಂದ ರಾಜಧಾನಿಗೆ, ರಾಜಧಾನಿಯಿಂದ ಊರಿಗೆ, ವರ್ಷಗಟ್ಟಲೆ ಇದೇ ಓಡಾಟ. ಕಡೆಗೆ 1634ರಲ್ಲಿ ಫೆನ್‌ಯಿ ಎಂಬ ಸಣ್ಣ ಊರಿನಲ್ಲಿ ಮೇಷ್ಟರ ಕೆಲಸ ಹಿಡಿದ. ಮೂರೇ ವರ್ಷದಲ್ಲಿ, 1637ರಲ್ಲಿ, ಅವನ ಪುಸ್ತಕ ಅಚ್ಚಾಯಿತು. ಅಚ್ಚಿನ ಖರ್ಚು ಕೊಟ್ಟವನು ಗೆಳೆಯ ತು ಶಾವ್‌ಕುಯಿ.

ಪುಸ್ತಕದ ಹೆಸರು 'ಥ್ಯೆನ್‌ಗೊಂಗ್ ಕಾಯ್‌ವು'. ಹದಿನೆಂಟು ಅಧ್ಯಾಯ. ಭತ್ತ, ಬಟ್ಟೆ, ಬಣ್ಣ, ಉಪ್ಪು, ಸಕ್ಕರೆ, ಮಡಿಕೆ, ಎರಕ, ದೋಣಿ, ಸುಣ್ಣ, ಎಣ್ಣೆ, ಆಯುಧ, ಮುತ್ತು ರತ್ನ... ಜನ ಕೈಯಾರೆ ಮಾಡುವ ಕೆಲಸಗಳೆಲ್ಲ ಅದರಲ್ಲಿವೆ. ಕಾಗದದ್ದು 13ನೆಯ ಅಧ್ಯಾಯ. ಮುನ್ನುಡಿಯಲ್ಲಿ ಅವನು ಓದುಗರಿಗೆ ಮೊದಲೇ ಹೇಳಿಬಿಡುತ್ತಾನೆ: ದೊಡ್ಡ ಪಂಡಿತರು ಇದನ್ನು ಪಕ್ಕಕ್ಕೆಸೆದರೂ ಚಿಂತೆಯಿಲ್ಲ, ಪರೀಕ್ಷೆ ಗೆದ್ದು ಮೇಲೇರುವುದಕ್ಕೂ ಈ ಪುಸ್ತಕಕ್ಕೂ ಏನೂ ಸಂಬಂಧವಿಲ್ಲ. ಅದೇ ಮುನ್ನುಡಿಯಲ್ಲಿ ಇನ್ನೊಂದು ಮಾತಿದೆ. ಆಕಾಶದ ಲೆಕ್ಕ ಮತ್ತು ಸಂಗೀತದ ಬಗ್ಗೆಯೂ ಎರಡು ಅಧ್ಯಾಯ ಬರೆದಿದ್ದನಂತೆ. ಅವು ತನ್ನ ಅಳವಿಗೆ ಮೀರಿದ್ದು ಅನ್ನಿಸಿ, ಅಚ್ಚಿಗೆ ಹೋಗುವ ಹೊತ್ತಿನಲ್ಲಿ ತೆಗೆದುಹಾಕಿದನಂತೆ. ತಾಂತ್ರಿಕ ವಿಷಯ ಬರೆಯುವವರಲ್ಲಿ ಈ ಗುಣ ಅಪರೂಪ. ನನಗೆ ಅವನ ಮೇಲೆ ನಂಬಿಕೆ ಹುಟ್ಟಿದ್ದು ಇಲ್ಲಿಂದ.

ಇನ್ನು ಕಾಗದದ ಅಧ್ಯಾಯ. ಅದು ತುಂಬ ಚಿಕ್ಕದು, ಆದರೆ ಅಳತೆಗಳಿಂದ ತುಂಬಿದೆ.

ಕಳಲೆ ಮೇಲೆದ್ದ ಮೇಲೆ ಕೊಂಬೆ, ಎಲೆ ಇನ್ನೇನು ಒಡೆಯಬೇಕು ಅನ್ನುವ ಹಂತದ ಬಿದಿರೇ ಶ್ರೇಷ್ಠ ಎನ್ನುತ್ತಾನೆ. ಕಡಿಯುವ ಕಾಲವನ್ನೂ ಹೇಳುತ್ತಾನೆ. ನಮ್ಮ ಲೆಕ್ಕದಲ್ಲಿ ಅದು ಜೂನ್ ಮೊದಲ ವಾರ. ಐದರಿಂದ ಏಳು ಚೀನೀ ಅಡಿ ಉದ್ದಕ್ಕೆ, ಅಂದರೆ ಸುಮಾರು ಒಂದೂವರೆಯಿಂದ ಎರಡು ಮೀಟರ್‌ಗೆ ತುಂಡು ಮಾಡಬೇಕು. ಅದೇ ಗುಡ್ಡದಲ್ಲಿ ಒಂದು ಹೊಂಡ ತೋಡಿ ಅದರಲ್ಲಿ ನೆನೆಹಾಕಬೇಕು. ನೀರು ಬತ್ತೀತು ಅನ್ನುವ ಭಯಕ್ಕೆ ಬಿದಿರಿನ ದೋಣಿ ಕಟ್ಟಿ ಹರಿಯುವ ನೀರನ್ನು ಬಿಡುತ್ತಲೇ ಇರಬೇಕು. ನೂರು ದಿನಕ್ಕಿಂತ ಹೆಚ್ಚು. ಆಮೇಲೆ ಹೊರತೆಗೆದು ಬಡಿದು, ತೊಳೆದು, ಒರಟು ಸಿಪ್ಪೆಯನ್ನೂ ಹಸಿರು ತೊಗಟೆಯನ್ನೂ ಕಳೆಯಬೇಕು. ಒಳಗಿನ ನಾರು ಆಗ ಸೆಣಬಿನ ಥರ ಕಾಣುತ್ತದೆ.

ಆ ನಾರಿಗೆ ಒಳ್ಳೆ ಸುಣ್ಣದ ತಿಳಿ ಬಳಿದು ಬೇಯಿಸಬೇಕು. ಎಂಟು ಹಗಲು ಎಂಟು ರಾತ್ರಿ ಬೆಂಕಿ ಆರಬಾರದು. ಇಲ್ಲಿ ಅವನು ಕೊಪ್ಪರಿಗೆಯ ಹತ್ತಿರವೇ ನಿಂತಿದ್ದಾನೆ ಅನ್ನುವುದು ನಿಮಗೂ ಗೊತ್ತಾಗುತ್ತದೆ. ಕೊಪ್ಪರಿಗೆಯ ಅಡ್ಡಳತೆ ನಾಲ್ಕು ಅಡಿ. ಅದರ ಬಾಯಿಗೆ ಮಣ್ಣು ಮತ್ತು ಸುಣ್ಣ ಕಲಸಿ ಎತ್ತರವಾಗಿ ಅಂಚು ಕಟ್ಟಿದ್ದಾರೆ. ಗುವಾಂಗ್‌ಡಾಂಗ್ ಕಡೆ ಉಪ್ಪು ಬೇಯಿಸುವ ಬಾಣಲೆಯ ಥರ ಎಂದು ಹೇಳುತ್ತಾನೆ. ಸಾವಿರ ಲೀಟರ್‌ಗೂ ಮೇಲ್ಪಟ್ಟು ನೀರು ಹಿಡಿಯುತ್ತದೆ. ಮೇಲೆ ಮರದ ಪೀಪಾಯಿ ಮುಚ್ಚಿದ್ದಾರೆ, ಅದರ ಸುತ್ತಳತೆ ಹದಿನೈದು ಅಡಿ, ಅಡ್ಡಳತೆ ನಾಲ್ಕು ಅಡಿಗೂ ಮೇಲೆ. ಲೆಕ್ಕ ಹಾಕಿ ನೋಡಿ: ಹದಿನೈದನ್ನು 3.14ರಿಂದ ಭಾಗಿಸಿದರೆ ನಾಲ್ಕೂ ಮುಕ್ಕಾಲು ಬರುತ್ತದೆ. ಹೊಂದುತ್ತದೆ ಅಲ್ವಾ? ಕಂಡಕಂಡಲ್ಲಿ ಸುಮ್ನೆ ಅಂಕಿ ತುಂಬುವ ಬರಹಗಳಲ್ಲಿ ಇಂಥ ಲೆಕ್ಕ ಹೊಂದುವುದು ಕಡಿಮೆ.

ಬೆಂಕಿ ಆರಿಸಿ ಒಂದು ದಿನ ಬಿಟ್ಟು ನಾರನ್ನು ತೆಗೆದು ತಿಳಿನೀರಿನ ತೊಟ್ಟಿಯಲ್ಲಿ ತೊಳೆಯುತ್ತಾರೆ. ಆ ತೊಟ್ಟಿಯ ತಳಕ್ಕೂ ನಾಲ್ಕೂ ಬದಿಗೂ ಸಂದಿಲ್ಲದ ಹಾಗೆ ಹಲಗೆ ಹೊದಿಸಬೇಕು, ಮಣ್ಣು ಸೇರಬಾರದು. ಅದರ ಜೊತೆಗೇ ಒಂದು ಚಿಕ್ಕ ಟಿಪ್ಪಣಿ: ಒರಟು ಕಾಗದ ಮಾಡುವವರು ಇಷ್ಟೆಲ್ಲ ಮಾಡಬೇಕಾಗಿಲ್ಲ. ಇದು ಕೆಲಸಗಾರರ ಬಾಯಿಂದಲೇ ಬಂದ ಮಾತು ಎಂದು ನನಗೆ ಅನ್ನಿಸುತ್ತದೆ. ಖರ್ಚಿನ ಲೆಕ್ಕ ಗೊತ್ತಿರುವವರು ಆಡುವ ಮಾತು ಅದು.

ಮುಂದಿನದು ಬೂದಿಯ ಸರದಿ. ಸೌದೆ ಬೂದಿಯ ನೀರಿನಲ್ಲಿ ನಾರನ್ನು ಅದ್ದಿ ಮತ್ತೆ ಕೊಪ್ಪರಿಗೆಗೆ ಹಾಕಿ ಮೇಲ್ಭಾಗ ಸಮ ಮಾಡುತ್ತಾರೆ. ಅದರ ಮೇಲೆ ಸುಮಾರು ಮೂರು ಸೆಂಟಿಮೀಟರ್ ದಪ್ಪಕ್ಕೆ ಭತ್ತದ ಹುಲ್ಲಿನ ಬೂದಿ ಹರಡುತ್ತಾರೆ. ನೀರು ಕುದಿ ಬಂದ ಮೇಲೆ ನಾರನ್ನು ಬೇರೆ ಪೀಪಾಯಿಗೆ ತೆಗೆದು, ಅದೇ ಬಿಸಿ ಬೂದಿನೀರನ್ನು ಮೇಲಿನಿಂದ ಸುರಿಯುತ್ತಾರೆ. ಆರಿದರೆ ಕುದಿಸಿ ಮತ್ತೆ ಸುರಿಯುತ್ತಾರೆ. ಹೀಗೆ ಹತ್ತು ದಿನಕ್ಕೂ ಮೇಲೆ. ಆಗ ಅದು ತಾನಾಗಿಯೇ ಕೊಳೆತು ನಾರುತ್ತದೆ. ಆಮೇಲೆ ಒರಳಿಗೆ. ಗುಡ್ಡಗಾಡಿನಲ್ಲಿ ಎಲ್ಲ ಕಡೆ ನೀರಿನ ಬಲದಿಂದ ಏಳುವ ಒನಕೆಗಳಿವೆ ಎನ್ನುತ್ತಾನೆ. ಹಿಟ್ಟಿನ ಮುದ್ದೆಯ ಹಾಗಾಗುವವರೆಗೂ ಕುಟ್ಟಿ ತೊಟ್ಟಿಗೆ ಸುರಿಯಬೇಕು.

ಇಲ್ಲಿ ನಿಮ್ಮ ತರಗತಿಗೆ ಉಪಯೋಗವಾಗುವ ರಸಾಯನಶಾಸ್ತ್ರ ಇದೆ, ಸ್ವಲ್ಪ ನಿಲ್ಲೋಣ.

ಬಿದಿರಿನಲ್ಲಿ ನಮಗೆ ಬೇಕಾದದ್ದು ಸೆಲ್ಯುಲೋಸ್ ನಾರು. ಅದನ್ನು ಒಟ್ಟಿಗೆ ಅಂಟಿಸಿ ಹಿಡಿದಿರುವುದು ಲಿಗ್ನಿನ್. ಜೊತೆಗೆ ಪಿಷ್ಟ, ಸಕ್ಕರೆ, ಪೆಕ್ಟಿನ್ ಬೇರೆ. ನೂರು ದಿನ ನೀರಿನಲ್ಲಿ ಬಿದ್ದಾಗ ಪಿಷ್ಟ, ಸಕ್ಕರೆಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಸುಣ್ಣದ ನೀರು ಪಿಎಚ್ ಲೆಕ್ಕದಲ್ಲಿ 12ಕ್ಕೂ ಮೇಲಿನ ಕ್ಷಾರ. ಅದು ನೀರಿನಲ್ಲಿ ಕರಗುವುದೇ ಅಲ್ಪ. ಹಾಗಾಗಿ ಕರಗಿದ್ದು ಖರ್ಚಾದಂತೆಲ್ಲ ಕರಗದೆ ಉಳಿದ ಸುಣ್ಣ ಜಾಗ ತುಂಬುತ್ತಾ ಹೋಗುತ್ತದೆ. ಎಂಟು ದಿನ ಕ್ಷಾರ ಒಂದೇ ಮಟ್ಟದಲ್ಲಿ ಇರುತ್ತದೆ, ನಾರು ಸುಟ್ಟುಹೋಗುವುದಿಲ್ಲ. ಸೌದೆ ಬೂದಿಯಲ್ಲಿ ಇರುವುದು ಪೊಟ್ಯಾಶಿಯಂ ಕಾರ್ಬೊನೇಟ್. ಎಷ್ಟೇ ತೊಳೆದರೂ ನಾರಿನೊಳಗೆ ಸ್ವಲ್ಪ ಸುಣ್ಣ ಉಳಿದೇ ಉಳಿಯುತ್ತದೆ. ಬೂದಿನೀರು ಅದಕ್ಕೆ ತಗುಲಿದರೆ ಕಾಸ್ಟಿಕ್ ಪೊಟ್ಯಾಶ್ ಎಂಬ ಬಲವಾದ ಕ್ಷಾರ ಹುಟ್ಟುತ್ತದೆ, ಸುಣ್ಣಕಲ್ಲಿನ ಪುಡಿ ಕೆಳಗೆ ಕೂರುತ್ತದೆ. ಇದೇ ಕ್ರಿಯೆಯನ್ನು ಪೊಟ್ಯಾಶಿಯಂ ಬದಲು ಸೋಡಿಯಂ ಇಟ್ಟುಕೊಂಡು ಇಂದಿನ ಪ್ರತಿಯೊಂದು ದೊಡ್ಡ ಕ್ರಾಫ್ಟ್ ಮಿಲ್ಲಿನಲ್ಲೂ (ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್‌ನಲ್ಲಿ ತಿರುಳು ಬೇಯಿಸುವ ಮಿಲ್ಲು) ಮಾಡುತ್ತಾರೆ. ಬೇಯಿಸಿ ಉಳಿದ ಕಪ್ಪು ನೀರನ್ನು ಸುಟ್ಟು ಸೋಡಾ ಪಡೆದು, ಅದಕ್ಕೆ ಸುಣ್ಣ ಸೇರಿಸಿ ಮತ್ತೆ ಕಾಸ್ಟಿಕ್ ಮಾಡಿಕೊಳ್ಳುತ್ತಾರೆ.

ಮೊದಲು ಮೆದುವಾಗಿ, ಆಮೇಲೆ ಬಿರುಸಾಗಿ ಎಂಬ ಎರಡು ಹಂತದ ಕ್ರಮವೂ ಆಕಸ್ಮಿಕ ಅಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೇಟ್ ಎಂಬ ತಿರುಳು ತಜ್ಞ 20ನೇ ಶತಮಾನದ ಆರಂಭದಲ್ಲಿ ವರ್ಷಗಟ್ಟಲೆ ಬಿದಿರು ಬೇಯಿಸಿ ನೋಡಿದ. ಪಿಷ್ಟ, ಪೆಕ್ಟಿನ್‌ಗಳನ್ನು ಮೊದಲ ಹಂತದಲ್ಲಿ ಮೆದು ಕ್ಷಾರದಿಂದ ತೆಗೆದು, ಲಿಗ್ನಿನ್ ಅನ್ನು ಎರಡನೇ ಹಂತಕ್ಕೆ ಬಿಟ್ಟರೆ ತಿರುಳು ಚೆನ್ನಾಗಿ ಬರುತ್ತದೆ ಎಂದು ತೋರಿಸಿದ. 1931ರಲ್ಲಿ ಅದರ ಮೇಲೆ ಪುಸ್ತಕ ಬರೆದ. ಜಿಯಾಂಗ್‌ಶಿ, ಫುಜಿಯಾನ್ ಗುಡ್ಡಗಳ ಕೆಲಸಗಾರರು ಆ ಹೆಸರುಗಳು ಯಾವುದೂ ಗೊತ್ತಿಲ್ಲದೆ ಅದೇ ದಾರಿ ಹಿಡಿದಿದ್ದರು.

ಎಂಟು ದಿನ ಯಾಕೆ ಬೇಕಾಯಿತು ಎಂದು ಮಕ್ಕಳು ಕೇಳಿದರೆ ಉತ್ತರ ಬಿಸಿಯಲ್ಲಿದೆ. ಒತ್ತಡ ಕಟ್ಟದ ಕೊಪ್ಪರಿಗೆ 100 ಡಿಗ್ರಿ ದಾಟುವುದಿಲ್ಲ. ಮಿಲ್ಲಿನಲ್ಲಿ ತಿರುಳು ಬೇಯಿಸುವ ಮುಚ್ಚಿದ ಪಾತ್ರೆ, ಡೈಜೆಸ್ಟರ್, ಒತ್ತಡದಲ್ಲಿ 160ರಿಂದ 170 ಡಿಗ್ರಿಗೆ ಹೋಗುತ್ತದೆ. ತಿರುಳಿನವರು ಬಳಸುವ ಒಂದು ಕೋಷ್ಟಕ ಇದೆ. ಕ್ರಾಫ್ಟ್ ಕ್ರಮದಲ್ಲಿ ಮರದ ಲಿಗ್ನಿನ್ ಕರಗುವ ವೇಗವನ್ನು 100 ಡಿಗ್ರಿಯಲ್ಲಿ 1 ಎಂದು ಇಟ್ಟುಕೊಂಡರೆ, 170 ಡಿಗ್ರಿಯಲ್ಲಿ ಅದು 900 ದಾಟುತ್ತದೆ. ಮಿಲ್ಲು ಕೆಲವೇ ತಾಸಿನಲ್ಲಿ ಮುಗಿಸುವುದಕ್ಕೆ ಇದೇ ಕಾರಣ. ಬರೀ ಸುಣ್ಣ, ಬೂದಿ, 100 ಡಿಗ್ರಿ ಬಿಸಿ ಇಟ್ಟುಕೊಂಡವರಿಗೆ ಲಿಗ್ನಿನ್ ಕಡಿಮೆ ಇರುವ ಎಳೆ ಬಿದಿರು ಬೇಕೇ ಬೇಕು. ಬಿದಿರು ಎತ್ತರ ಬೆಳೆಯುವುದು ಕೆಲವೇ ತಿಂಗಳಲ್ಲಿ, ಆದರೆ ಗಟ್ಟಿಯಾಗುವುದು ಎರಡು ಮೂರು ವರ್ಷ. ಎಲೆ ಒಡೆಯುವ ಮೊದಲೇ ಕಡಿಯಿರಿ ಎಂಬ ಅವನ ಒಂದು ಸಾಲಿನ ಮೇಲೆ ಉಳಿದ ಇಡೀ ಅಧ್ಯಾಯ ನಿಂತಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತೊಟ್ಟಿಯ ಹತ್ತಿರ ಅವನ ಬರವಣಿಗೆ ಇನ್ನೂ ಚೆನ್ನಾಗಿದೆ. ತೊಟ್ಟಿಯ ಅಳತೆಯನ್ನು ನಾರು ಎತ್ತುವ ಪರದೆ ನೋಡಿ ನಿರ್ಧರಿಸಬೇಕು, ಪರದೆಯ ಅಳತೆಯನ್ನು ಕಾಗದ ನೋಡಿ. ಪರದೆ ನೇಯುವುದು ನಯವಾಗಿ ಕೆರೆದ ಕೂದಲೆಳೆಯಂಥ ಬಿದಿರ ಕಡ್ಡಿಗಳಿಂದ. ಎರಡೂ ಕೈಯಲ್ಲಿ ಹಿಡಿದು ನೀರಿಗಿಳಿಸಿ ನಾರನ್ನು ಎತ್ತಬೇಕು. ಹಗುರಾಗಿ ಆಡಿಸಿದರೆ ತೆಳು, ಜೋರಾಗಿ ಆಡಿಸಿದರೆ ದಪ್ಪ, ಎಲ್ಲ ಕೈಯ ಹದ. ನೀರು ನಾಲ್ಕೂ ಕಡೆಯಿಂದ ಸೋರಿದ ಮೇಲೆ ಪರದೆಯನ್ನು ಹಲಗೆಯ ಮೇಲೆ ಮಗುಚಬೇಕು. ಹಾಳೆಯ ಮೇಲೆ ಹಾಳೆ, ಸಾವಿರಗಟ್ಟಲೆ. ಮೇಲೆ ಹಲಗೆ ಇಟ್ಟು, ಹಗ್ಗ ಬಿಗಿದು, ಕೋಲು ತಿರುವಿ ನೀರು ಹಿಂಡಬೇಕು. ಆಮೇಲೆ ಸಣ್ಣ ತಾಮ್ರದ ಚಿಮಟದಿಂದ ಒಂದೊಂದೇ ಹಾಳೆ ಬಿಡಿಸಿ, ಒಳಗೆ ಬೆಂಕಿ ಹಾಕಿದ ಇಟ್ಟಿಗೆಯ ಜೋಡಿ ಗೋಡೆಗೆ ಅಂಟಿಸಿ ಒಣಗಿಸಬೇಕು.

ಇಲ್ಲಿ ಒಂದು ವಿಷಯ ನಿಮ್ಮ ಗಮನಕ್ಕೆ ಬರಬೇಕು. ಒದ್ದೆ ಹಾಳೆಗಳ ನಡುವೆ ಏನೂ ಇಡುವುದಿಲ್ಲ! ಯುರೋಪಿನಲ್ಲಿ ಪ್ರತಿ ಹಾಳೆಗೂ ಒಂದು ಉಣ್ಣೆಯ ಬಟ್ಟೆ ಇಡುತ್ತಿದ್ದರು, ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ಮುದ್ದೆ. ಚೀನಾದ ಕೆಲಸಗಾರರು ಅದಿಲ್ಲದೆ ಹೇಗೆ ಬಿಡಿಸುತ್ತಿದ್ದರು? ಉತ್ತರ ಸೊಂಗ್ ಬರೆದ ಇನ್ನೊಂದು ಸಾಲಿನಲ್ಲಿದೆ, ಆದರೆ ಅದು ಉತ್ತರ ಎಂದು ಅವನಿಗೆ ಗೊತ್ತಾಗಲಿಲ್ಲ. ತೊಟ್ಟಿಯಲ್ಲಿ ನಾರಿನ ಮೇಲೆ ಸುಮಾರು ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಿ ಅದಕ್ಕೆ 'ಕಾಗದದ ಮದ್ದು' ಹಾಕುತ್ತಾರೆ ಎನ್ನುತ್ತಾನೆ. ಅದೊಂದು ಗಿಡದ ರಸ. ಎಲೆ ಹೇಗಿರುತ್ತದೆ ಎಂದು ಹೇಳಿ, ಊರೂರಿಗೂ ಬೇರೆ ಬೇರೆ ಹೆಸರು, ಗೊತ್ತಾದ ಒಂದು ಹೆಸರಿಲ್ಲ ಎಂದು ಬರೆಯುತ್ತಾನೆ. ಅದು ಯಾಕೆ? ನೀರು ಒಣಗಿದ ಮೇಲೆ ಕಾಗದ ಬೆಳ್ಳಗಾಗಲಿ ಎಂದು, ಅನ್ನುತ್ತಾನೆ.

ಇಲ್ಲಿ ಅವನು ತಪ್ಪಿದ. ಆ ರಸ ಬಿಳುಪಿಗಲ್ಲ. ಅದು ಲೋಳೆ. ಬೇರೆ ಬೇರೆ ಕಡೆ ಬೇರೆ ಬೇರೆ ಗಿಡದಿಂದ ತೆಗೆಯುತ್ತಿದ್ದರು. ಕಿವಿ ಹಣ್ಣಿನ ಬಳ್ಳಿಯ ಜಾತಿ ಚೀನಾದಲ್ಲಿ ಹೆಸರಾದದ್ದು. ಜಪಾನಿನಲ್ಲಿ ಬಳಸುವ ತೊರೊರೊ ಆವೊಯಿ ನಮ್ಮ ಬೆಂಡೆಯ ಹತ್ತಿರದ ನೆಂಟ. ಲೋಳೆ ಮಾಡುವ ಕೆಲಸ ಮೂರು. ನಾರು ತಳಕ್ಕೆ ಕೂರದೆ, ಗಂಟು ಕಟ್ಟದೆ ನೀರಿನಲ್ಲಿ ತೇಲಿರುತ್ತದೆ. ಪರದೆಯಿಂದ ನೀರು ನಿಧಾನಕ್ಕೆ ಇಳಿಯುತ್ತದೆ, ಆಡಿಸಿ ಸಮ ಮಾಡಲು ಪುರಸೊತ್ತು ಸಿಗುತ್ತದೆ. ಹಿಂಡಿದ ಮೇಲೂ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಬಿಡಿಸಿಕೊಳ್ಳುತ್ತವೆ. ಉಣ್ಣೆ ಬಟ್ಟೆ ಬೇಡವಾದದ್ದು ಇದರಿಂದ. ಮದ್ದು ಹಾಕುವುದನ್ನು ಸೊಂಗ್ ಕಣ್ಣಾರೆ ನೋಡಿದ. ಬಿಳಿ ಕಾಗದವನ್ನೂ ನೋಡಿದ. ಇವೆರಡನ್ನೂ ಜೋಡಿಸಿ ಒಂದು ಕಾರಣ ಹೇಳಿದ. ನಡುವೆ ಇದ್ದ ಅಂಟದ ಹಾಳೆಗಳು ಅವನ ಕಣ್ಣೆದುರೇ ಇದ್ದವು.

ಇದೇ ಥರದ ಎಡವಟ್ಟು ಇನ್ನೊಂದಿದೆ, ಅದು ಜಾಸ್ತಿ ದೊಡ್ಡದು. ಅಧ್ಯಾಯದ ಆರಂಭದಲ್ಲಿ ಅವನು ಕಾಗದದ ಇತಿಹಾಸ ಚರ್ಚಿಸುತ್ತಾನೆ. ಕಾಗದದ ಹೆಗ್ಗಳಿಕೆಯನ್ನು ಹಾನ್ ಕಾಲದವರಿಗೆ ಕೊಡುವುದು ಅಲ್ಪತನ, ಅದಕ್ಕೂ ಬಹಳ ಹಿಂದೆಯೇ ಕಾಗದ ಇತ್ತು ಎನ್ನುತ್ತಾನೆ. ಹಾನ್ ಆಸ್ಥಾನದ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡಿದ ಎಂಬುದು ಅಧಿಕೃತ ಇತಿಹಾಸ. ಅದಕ್ಕಿಂತ ಹಳೆಯ ಕಾಗದದ ಚೂರುಗಳು ಗಾನ್ಸು ಪ್ರಾಂತ್ಯದ ಫಾಂಗ್‌ಮಾತಾನ್‌ನಂಥ ಕಡೆ ಸಿಕ್ಕಿವೆ. ಅಷ್ಟರಮಟ್ಟಿಗೆ ಅವನ ಅನುಮಾನ ಸರಿ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ಹಿಂದಿನವರು ಬಿದಿರ ಪಟ್ಟಿಗಳ ಮೇಲೆ ಬರೆಯುತ್ತಿದ್ದರು ಎನ್ನುವುದೇ ಸುಳ್ಳು, ಪಟ್ಟಿ ಕೆತ್ತಿ ಎಷ್ಟು ಬರೆಯಲು ಸಾಧ್ಯ, ಚರ್ಮದ ದಾರ ಅದನ್ನು ಹೇಗೆ ಹೊಲಿದೀತು ಎಂದು ವಾದ ಹೂಡುತ್ತಾನೆ. 1975ರಲ್ಲಿ ಶುಯಿಹುದಿ ಎಂಬಲ್ಲಿ ಒಂದೇ ಗೋರಿಯಿಂದ, ಹಾನ್‌ಗೂ ಹಿಂದಿನ ಚಿನ್ ಕಾಲದ ಸಾವಿರಕ್ಕೂ ಹೆಚ್ಚು ಬಿದಿರ ಪಟ್ಟಿಗಳು ಎದ್ದು ಬಂದವು, ಕಾನೂನಿನ ಬರಹ ತುಂಬಿಕೊಂಡು. ಪೀಪಾಯಿಯ ಸುತ್ತಳತೆಯಲ್ಲಿ ತಪ್ಪದವನು ಇಲ್ಲಿ ಪೂರ್ತಿ ದಾರಿ ತಪ್ಪಿದ.

ಆದರೂ ಅವನನ್ನು ನಾನು ಬಿಟ್ಟುಕೊಡುವುದಿಲ್ಲ. ಯಾಕೆಂದರೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಧೈರ್ಯ ಅವನಿಗಿತ್ತು. ಹೆನಾನ್ ಪ್ರಾಂತ್ಯದ ಕಾಗದ ಯಾವ ಗಿಡದ್ದೋ ತಿಳಿಯದು. ಕೊರಿಯಾದ ಬಿಳಿ ಕಾಗದ ಯಾವುದರದ್ದೋ ತಿಳಿಯದು. ಜಪಾನಿನಲ್ಲಿ ಪರದೆ ಇಲ್ಲದೆಯೇ, ಕಾದ ದೊಡ್ಡ ಕಲ್ಲಿನ ಮೇಲೆ ತಿರುಳನ್ನು ಕುಂಚದಿಂದ ಬಳಿದು ಹಾಳೆ ಎಬ್ಬಿಸುತ್ತಾರೆ ಎಂದು ಎಲ್ಲೋ ಕೇಳಿದ್ದನ್ನು ಬರೆಯುತ್ತಾನೆ. ಜಪಾನಿನವರು ಪರದೆಯಲ್ಲೇ ಕಾಗದ ಎತ್ತುತ್ತಿದ್ದರು, ಹಾಗಾಗಿ ಆ ಮಾತು ನಿಲ್ಲುವುದಿಲ್ಲ. ಆದರೆ ಅದರ ಬೆನ್ನಿಗೇ, ಕೊರಿಯಾದಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ, ನಮ್ಮಲ್ಲೇ ಯಾರಾದರೂ ಮಾಡುತ್ತಾರೋ ಇಲ್ಲವೋ ತಿಳಿಯಲು ಆಗಲಿಲ್ಲ ಎಂದೂ ಸೇರಿಸುತ್ತಾನೆ. ಪಕ್ಕದಲ್ಲಿ ನಿಂತು ನೋಡಿದ ಕೊಪ್ಪರಿಗೆಗೂ ದೂರದಿಂದ ಕೇಳಿದ ಕಲ್ಲಿಗೂ ಇರುವ ವ್ಯತ್ಯಾಸವನ್ನು ಓದುಗನಿಂದ ಅವನು ಮುಚ್ಚಿಡಲಿಲ್ಲ.

ಮಾರುಕಟ್ಟೆಯ ಮೇಲೂ ಅವನಿಗೆ ಒಳ್ಳೆ ಕಣ್ಣಿತ್ತು. ಬಳಸಿದ ಕಾಗದದ ಶಾಯಿ ತೊಳೆದು, ನೆನೆಸಿ, ಮತ್ತೆ ತೊಟ್ಟಿಗೆ ಹಾಕಿದರೆ ಬೇಯಿಸುವ ಶ್ರಮವೆಲ್ಲ ಉಳಿಯುತ್ತದೆ. ಬಿದಿರು ಅಗ್ಗವಾದ ದಕ್ಷಿಣದಲ್ಲಿ ಇದಕ್ಕೆ ಬೆಲೆ ಇಲ್ಲ, ಉತ್ತರದಲ್ಲಿ ಮಾತ್ರ ನೆಲಕ್ಕೆ ಬಿದ್ದ ಚೂರನ್ನೂ ಹೆಕ್ಕುತ್ತಾರೆ ಎನ್ನುತ್ತಾನೆ. ಅಂಥ ಕಾಗದಕ್ಕೆ ಅಲ್ಲಿಯವರು ಇಟ್ಟ ಹೆಸರು ಮರುಜೀವದ ಕಾಗದ. ಸತ್ತವರ ಹೆಸರಿನಲ್ಲಿ ಸುಡುವ ಒರಟು ಕಾಗದದ ಲೆಕ್ಕ ಇನ್ನೂ ಚೆನ್ನಾಗಿದೆ: ಹತ್ತರಲ್ಲಿ ಏಳು ಪಾಲು ಬೆಂಕಿಗೆ, ಮೂರು ಪಾಲು ದಿನಬಳಕೆಗೆ. ದುಬಾರಿ ಪೇಪರ್ ಮಲ್ಬೆರಿ ತೊಗಟೆ ಅರವತ್ತು ಪಾಲಿಗೆ ನಲವತ್ತು ಪಾಲು ಎಳೆ ಬಿದಿರು ಸೇರಿಸುತ್ತಾರೆ, ಇತ್ತೀಚೆಗೆ ಖರ್ಚು ಉಳಿಸಲು ಮೂವತ್ತು ಪಾಲು ಭತ್ತದ ಹುಲ್ಲನ್ನೂ ಬೆರೆಸುತ್ತಾರೆ ಎಂದು ದಾಖಲಿಸುತ್ತಾನೆ. ಕಾಗದದ ಉದ್ಯಮವನ್ನು ಉದ್ಯಮವಾಗಿಯೇ ನೋಡಿದವನು.

ಪುಸ್ತಕದಲ್ಲಿ ಕಾಗದಕ್ಕೆ ಐದು ಚಿತ್ರಗಳಿವೆ: ನೆನೆಹಾಕುವುದು, ಬೇಯಿಸುವುದು, ಪರದೆ ಎತ್ತುವುದು, ಮಗುಚಿ ಒತ್ತುವುದು, ಗೋಡೆಯಲ್ಲಿ ಒಣಗಿಸುವುದು. ಮಕ್ಕಳಿಗೆ ತೋರಿಸುವಾಗ ಒಂದು ಮಾತು ಹೇಳಿ. ಕುಟ್ಟುವ ಹಂತ ಚಿತ್ರದಲ್ಲಿ ಇಲ್ಲ. ಚಿತ್ರ ಮಾತ್ರ ನೋಡಿ ಕಾಗದ ಮಾಡಲು ಹೊರಟವರಿಗೆ ಹಾಳೆ ಬರುವುದಿಲ್ಲ. ಕುಟ್ಟಿದಾಗಲೇ ನಾರಿನ ಮೈ ಬಿರಿದು, ಎಳೆಗಳೆದ್ದು, ಒಂದಕ್ಕೊಂದು ಹಿಡಿದುಕೊಳ್ಳುವುದು.

1644ರಲ್ಲಿ ಮಿಂಗ್ ಆಳ್ವಿಕೆ ಮುಗಿಯಿತು. ಮುಂದಿನ ಚಿಂಗ್ ಕಾಲದಲ್ಲಿ ಈ ಪುಸ್ತಕ ಚೀನಾದಲ್ಲೇ ಸಿಗುವುದು ಕಷ್ಟವಾಯಿತು. ಉಳಿಸಿಕೊಂಡವರು ಜಪಾನಿನವರು, 1771ರಲ್ಲಿ ಅಲ್ಲಿ ಮರು ಅಚ್ಚಾಯಿತು. 1840ರಲ್ಲಿ ಸ್ತಾನಿಸ್ಲಾಸ್ ಜೂಲಿಯೆನ್ ಎಂಬ ವಿದ್ವಾಂಸ ಕಾಗದದ ಭಾಗವನ್ನು ಫ್ರೆಂಚಿಗೆ ತಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಆಗ ಯುರೋಪಿನಲ್ಲಿ ಚಿಂದಿ ಬಟ್ಟೆಯ ಬರ ಶುರುವಾಗಿತ್ತು, ಕಾಗದಕ್ಕೆ ಹೊಸ ನಾರು ಬೇಕಾಗಿತ್ತು. 1875ರಲ್ಲಿ ಇಂಗ್ಲೆಂಡಿನ ಕಾಗದ ತಯಾರಕ ಥಾಮಸ್ ರೌಟ್‌ಲೆಜ್ ಬಿದಿರೇ ಆ ನಾರು ಎಂದು ಕಿರುಹೊತ್ತಿಗೆ ಬರೆದ. ಅವನು ಬೇಕೆಂದದ್ದೂ ಎಳೆ ಬಿದಿರನ್ನೇ.

ಈಗ ನಮ್ಮ ಕಾಡಿಗೆ ಬರೋಣ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ, 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದವು. ಎರಡೂ ದಶಕಗಳ ಕಾಲ ಬಿದಿರನ್ನು ನಂಬಿಕೊಂಡಿದ್ದವು. ಆದರೆ ಅವು ಬೇಯಿಸಿದ್ದು ಬಲಿತ ಬಿದಿರು. ರಾಸಾಯನಿಕ, ಒತ್ತಡ, ಬಿಸಿ ಎಲ್ಲ ಜೋರಾಗಿ ಬೇಕಾದದ್ದೂ ಅದಕ್ಕೇ. ಸೊಂಗ್ ಹೇಳಿದಂತೆ ಎಳೆಯದನ್ನು ಕಡಿಯಬಾರದಿತ್ತಾ? ಇಲ್ಲಿ ಅವನ ಪಾಠ ನಮ್ಮ ನೆಲಕ್ಕೆ ಒಗ್ಗುವುದಿಲ್ಲ. ಅವನ ನಾಡಿನ ಹೆಸರಾದ ಮೋಸೊ ಬಿದಿರು ನೆಲದೊಳಗೆ ಹರಿದು ದೂರ ದೂರಕ್ಕೆ ಒಂಟಿ ಕಾಂಡಗಳಾಗಿ ಏಳುತ್ತದೆ. ನಮ್ಮ ಮುಳ್ಳುಬಿದಿರು, ಕಿರುಬಿದಿರು ಮೆಳೆಯಾಗಿ ಬೆಳೆಯುತ್ತವೆ. ಮೆಳೆಯಲ್ಲಿ ಈ ವರ್ಷದ ಕಾಂಡವೇ ಮುಂದಿನ ವರ್ಷದ ಕಳಲೆಗೆ ತಾಯಿ. ಅದನ್ನು ಕಡಿದರೆ ಮೆಳೆ ಬಡವಾಗುತ್ತದೆ. ಅದಕ್ಕೇ ಎಳೆ ಕಾಂಡ ಮುಟ್ಟಬಾರದೆಂದು ಅರಣ್ಯದ ಕಡಿತ ನಿಯಮಗಳು ಹೇಳುವುದು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕರ್ನಾಟಕದ ಬಿದಿರು ಕಾಡುಗಳನ್ನು ಅಧ್ಯಯನ ಮಾಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕಡಿಯಲು ಸುಲಭವಾಗಲಿ ಎಂದು ಮೆಳೆಯ ಬುಡದ ಮುಳ್ಳು ಸವರಿದರೆ, ದನಕರು ಮತ್ತು ಕಾಡುಪ್ರಾಣಿಗಳಿಗೆ ಕಳಲೆ ನೇರವಾಗಿ ಸಿಕ್ಕಿ ಮೆಳೆ ಮತ್ತೆ ಚಿಗುರುವುದೇ ಕಷ್ಟವಾಗುತ್ತದೆ.

ಕಾಲದ ಲೆಕ್ಕವೂ ಬೇರೆ. ಅವನ ಕಡೆ ಕಳಲೆ ಏಳುವುದು ವಸಂತದಲ್ಲಿ, ಹಾಗಾಗಿ ಜೂನ್ ಹೊತ್ತಿಗೆ ಕಡಿಯುವ ಹದ. ನಮ್ಮಲ್ಲಿ ಕಳಲೆ ಬರುವುದೇ ಮುಂಗಾರಿನಲ್ಲಿ. ಅವನ ಪುಸ್ತಕ ಹಿಡಿದು ಜೂನ್‌ನಲ್ಲಿ ಮೆಳೆಗೆ ಹೋದರೆ ಸಿಗುವುದು ಒಂದೋ ಪಲ್ಯದ ಕಳಲೆ, ಇಲ್ಲಾ ಬಲಿತ ಕಾಂಡ.

ಹಾಗಾಗಿ ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ: ಬಿದಿರು ಬೇಡ. ಮೆಳೆಯ ದೃಷ್ಟಿಯಿಂದಲೂ ಬೇಡ, ಎಂಟು ದಿನ ಕುದಿಯುವ ಸುಣ್ಣದ ಹತ್ತಿರ ಮಕ್ಕಳನ್ನು ನಿಲ್ಲಿಸುವುದೂ ಬೇಡ. ಸೊಂಗ್ ಹೇಳಿದ ಇನ್ನೊಂದು ನಾರು ಹಿಡಿಯಿರಿ. ಹಿಪ್ಪುನೇರಳೆ ತೊಗಟೆಯ ಕಾಗದ ತುಂಬ ದಪ್ಪ, ಗಟ್ಟಿ, ರೇಷ್ಮೆ ಮೊಟ್ಟೆ ಇಡಿಸುವವರು ಅದನ್ನೇ ಬಳಸುತ್ತಾರೆ ಎಂದು ಬರೆದಿದ್ದಾನೆ. ರೇಷ್ಮೆ ಬೆಳೆಗಾರರ ಹತ್ತಿರ ಹುಳಕ್ಕೆ ಸೊಪ್ಪು ಹಾಕಿ ಉಳಿದ ಕಡ್ಡಿ ರಾಶಿ ಬಿದ್ದಿರುತ್ತದೆ. ಹಸಿ ಇರುವಾಗಲೇ ತೊಗಟೆ ಸುಲಿಯಿರಿ. ಮೇಲಿನ ಕಂದು ಪದರ ಕೆರೆದು ತೆಗೆಯಿರಿ, ಅದು ಉಳಿದರೆ ಕಾಗದದಲ್ಲಿ ಚುಕ್ಕೆಗಳಾಗುತ್ತವೆ. ರಾತ್ರಿಯಿಡೀ ನೆನೆಸಿ. ಒಣ ತೊಗಟೆಯ ತೂಕ 100 ಗ್ರಾಂ ಇದ್ದರೆ ಸುಮಾರು 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಎರಡು ಮೂರು ತಾಸು ಬೇಯಿಸಿ. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಅನ್ನು ಕ್ಷಾರ ತಿನ್ನುತ್ತದೆ. ಈ ಹಂತ ನೀವೇ ಮಾಡಿ, ಕೈಗವಸು, ಕನ್ನಡಕ ಹಾಕಿಕೊಂಡು. ನಾರು ಬೆರಳಲ್ಲಿ ಎಳೆದರೆ ಸಲೀಸಾಗಿ ಬಿಡಿಸಿಕೊಂಡರೆ ಬೆಂದಿದೆ ಎಂದರ್ಥ. ನೀರು ತಿಳಿಯಾಗುವವರೆಗೆ ತೊಳೆಯಿರಿ. ಅಲ್ಲಿಂದ ಮುಂದೆ ಮಕ್ಕಳ ಕೆಲಸ: ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುವುದು. ಒಂದು ಚಿಟಿಕೆ ನಾರನ್ನು ನೀರಿನ ಲೋಟಕ್ಕೆ ಹಾಕಿ ಅಲ್ಲಾಡಿಸಿದಾಗ ಗಂಟಿಲ್ಲದೆ ಮೋಡದ ಥರ ಹರಡಿದರೆ ಸಾಕು.

ತೊಟ್ಟಿಯ ಹಂತದಲ್ಲಿ ಸೊಂಗ್‌ನ ಮಾತನ್ನೇ ಪರೀಕ್ಷೆಗಿಡಿ. ಎರಡು ತೊಟ್ಟಿ, ಎರಡಕ್ಕೂ ಒಂದೇ ಅಳತೆಯ ನಾರು, ನೀರು. ಒಂದಕ್ಕೆ ಮಾತ್ರ ಬೆಂಡೆಕಾಯಿ ಜಜ್ಜಿ ನೆನೆಸಿ ಬಟ್ಟೆಯಲ್ಲಿ ಸೋಸಿದ ಲೋಳೆ. ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬಳಸುತ್ತಿದ್ದ ಲೋಳೆಯೇ ಇದು, ಊರಿನ ಹಿರಿಯರನ್ನು ಕೇಳಿದರೆ ತೆಗೆಯುವ ಕ್ರಮ ತೋರಿಸುತ್ತಾರೆ. ಚೌಕಟ್ಟಿಗೆ ಸೊಳ್ಳೆ ಪರದೆ ಬಿಗಿದು ಎರಡರಿಂದಲೂ ಹಾಳೆ ಎತ್ತಿಸಿ. ಪರದೆಯಿಂದ ನೀರು ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆಸಿ. ನಡುವೆ ಬಟ್ಟೆ ಇಡದೆ ಒಂದರ ಮೇಲೊಂದು ಹೇರಿ, ರಾತ್ರಿ ಕಲ್ಲಿನ ಭಾರ ಇಟ್ಟು, ಮರುದಿನ ಬಿಡಿಸಲು ಹೇಳಿ. ಬಿಡಿಸಿದ ಹಾಳೆಗಳನ್ನು ಗಾಜಿಗೆ ಅಂಟಿಸಿ ಒಣಗಿಸಿ, ಬಿಳುಪನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಲೋಳೆಯ ತೊಟ್ಟಿಯ ಹಾಳೆಗಳು ಎಷ್ಟು ಬಿಟ್ಟವು, ಬರೀ ನೀರಿನವು ಎಷ್ಟು ಹರಿದವು, ಬಿಳುಪಿನಲ್ಲಿ ವ್ಯತ್ಯಾಸ ಏನಾದರೂ ಕಂಡಿತೇ ಎಂಬ ಮೂರೂ ಅಂಕಣ ತುಂಬಿದ ಮೇಲೆ, ಆ ಅಧ್ಯಾಯದ 'ಕಾಗದದ ಮದ್ದಿ'ನ ಸಾಲನ್ನು ಮಕ್ಕಳಿಗೆ ಓದಿ ಹೇಳಿ. ಮೊದಲೇ ಹೇಳಬೇಡಿ.